ಉಕ್ಕಿನ ಬಿಗಿ ಬಿಡಿಸುವ ಕರೀಮುನ್ನಿಸಾ

ಕಳೆದ ಹಂಗಾಮಿನಲ್ಲಿ, ಭಟ್ಟಿಗೆ ಹಾಕದೆ ಅವಸರದಲ್ಲಿ ಅಡಿತಟ್ಟೆಯಿಂದ ಕೊಯ್ದು ತೆಗೆದ ಪಂಪಿನ ಪಂಖವೊಂದು ಸೀಳಿ, ಚೂರು ಸಿಡಿದು ವರ್ಕ್‌ಶಾಪಿನ ಕೆಲಸಗಾರ ಖಂಡಪ್ಪನವರ ಎಡಗಣ್ಣು ಹೋಯಿತು. ವರದಿಯಲ್ಲಿ ‘ಕೆಲಸಗಾರನ ಅಜಾಗರೂಕತೆ’ ಎಂದು ಬರೆಯಲಾಯಿತು.

ಬೆಳಗಿನ ಐದೂವರೆ. ಅಫಜಲಪುರದ ಹೊರಗಿನ ತಗಡಿನ ವರ್ಕ್‌ಶಾಪಿನಲ್ಲಿ ಯಂತ್ರದ ತೋಳೊಂದು ಉಕ್ಕಿನ ತಂತಿ ಕರಗಿಸುತ್ತ ದಪ್ಪ ತಟ್ಟೆಯ ಮೇಲೆ ಸುತ್ತು ಹಾಕುತ್ತಿದೆ. ಪದರದ ಮೇಲೆ ಪದರ! ಅಚ್ಚಿಲ್ಲ, ಎರಕವಿಲ್ಲ, ನೋಡನೋಡುತ್ತ ಸಕ್ಕರೆ ಕಾರ್ಖಾನೆಯ ಪಂಪಿಗೆ ಬೇಕಾದ, ನೀರು ತಳ್ಳುವ ಪಂಖ ಬೆಳೆದು ನಿಲ್ಲುತ್ತದೆ. ಬಂದವರೆಲ್ಲ ಆ ತೋಳಿನ ಫೋಟೊ ಹೊಡೆದುಕೊಂಡು ಹೋಗುತ್ತಾರೆ. ಪಕ್ಕದಲ್ಲೇ ಹ್ಯಾಕ್ಸಾ ಬ್ಲೇಡು ಹಿಡಿದು ಕುಕ್ಕರುಗಾಲಲ್ಲಿ ಕೂತ ನಲವತ್ನಾಲ್ಕರ ಕರೀಮುನ್ನಿಸಾ ಯಾವ ಫೋಟೊದಲ್ಲೂ ಇಲ್ಲ.

ತಟ್ಟೆಯ ಮೂಲೆಯಡಿ ಬ್ಲೇಡು ತೂರಿಸಿದವರೇ ಕೂಗುತ್ತಾರೆ: “ಬರ್ರಿ, ಬರ್ರಿ ಇಲ್ಲಿ! ಹೋತು ನೋಡ್ರಿ ಒಳಗ! ನಾಕು ಬೋಲ್ಟು ಬಿಗಿದ್ರೂ ಮೂಲಿ ಎದ್ದದ. ಕಬ್ಬಿಣ ಜಗ್ಗಾಕತ್ತದ!”

ಕಾದ ಪದರ ಆರುತ್ತ ಕುಗ್ಗುತ್ತದೆ. ಕೆಳಗಿನ ಗಟ್ಟಿ ಪದರ ಬಿಡುವುದಿಲ್ಲ. ಆ ಜಗ್ಗಾಟ ಲೋಹದೊಳಗೇ ಉಳಿದುಬಿಡುತ್ತದೆ. ಕಣ್ಣಿಗೆ ಕಾಣದ ಈ ಬಿಗಿ ಬಿಡಿಸುವುದೇ ಇವರ ಕೆಲಸ. ತಟ್ಟೆ ಸಮೇತ ಭಟ್ಟಿಗಿಟ್ಟು, ಆರುನೂರು ಡಿಗ್ರಿಯಲ್ಲಿ ಎರಡು ತಾಸು ಕಾಯಿಸಿ, ಬಾಗಿಲು ತೆರೆಯದೆ ಮರುದಿನದವರೆಗೆ ಆರಲು ಬಿಡಬೇಕು. ಆಮೇಲಷ್ಟೇ ಪಂಖವನ್ನು ತಟ್ಟೆಯಿಂದ ಕೊಯ್ದು ಬಿಡಿಸಬೇಕು. ವಾರಕ್ಕೆ ಐದು ಪಂಖ, ಒಂದೊಂದಕ್ಕೂ ಅರವತ್ತು ಪದರ.

ಹನ್ನೆರಡು ವರ್ಷ ಆಳಂದದಲ್ಲಿ ಕಡಕ್ ರೊಟ್ಟಿ ಬಡಿದ ಕೈ ಇದು. ಇಲ್ಲಿಗೆ ಬಂದದ್ದು ಕಸ ಗುಡಿಸಲು. “ರೊಟ್ಟಿ ಒಂದ ಮಗ್ಗಲ ಲಗೂ ಆರಿದ್ರ ಅಂಚು ಏಳ್ತದ, ಮುಟ್ಟಿದ್ರ ಪಟ್ ಅಂತದ. ಮ್ಯಾಲ ಅರಿವಿ ಒತ್ತಿ ಸಾವಕಾಶ ಆರಸ್ತಿದ್ವಿ. ಇದೂ ರೊಟ್ಟಿನೇ ತಗೋರಿ, ತಿನ್ನಾಕ ಬರಂಗಿಲ್ಲ ಅಷ್ಟೇ!”

ಯಂತ್ರ ನಡೆಸುವ ಖಂಡಪ್ಪ ಕಾಲೆಳೆಯುತ್ತಾರೆ: “ಆಪಾ, ನಿನ್ನ ರೊಟ್ಟಿ ನನ್ನ ಕಣ್ಣ ತಿಂತಲ್ಲ!”

“ಅದು ನನ್ನ ಭಟ್ಟಿ ಕಂಡಿದ್ದಿಲ್ಲ ಬಿಡಲೇ. ಆವತ್ತು ನನ್ನ ಕೇಳಿದವರ್ಯಾರು?”

ಯಾರೂ ಕೇಳಲಿಲ್ಲ. ಕಸ ಗುಡಿಸುವವಳಿಗೆ ಉಕ್ಕಿನ ಸಂಗತಿ ಏನು ಗೊತ್ತು ಎಂಬ ಅಹಂಕಾರಕ್ಕೆ ಒಬ್ಬ ಮನುಷ್ಯನ ಕಣ್ಣು ಬಲಿಯಾಯಿತು. ಭಟ್ಟಿ ಕರೀಮುನ್ನಿಸಾರ ಕೈಗೆ ಬಂದದ್ದು ಅದರ ನಂತರ. ಅಂದಿನಿಂದ ಒಂದೂ ಪಂಖ ಒಡೆದಿಲ್ಲ!

ಏಳು ಗಂಟೆಗೆ ಕೊನೆಯ ಪದರ ಮುಗಿಯುತ್ತದೆ. ಅಷ್ಟರಲ್ಲಿ ವರ್ಕ್‌ಶಾಪಿನ ಮಾಲೀಕ ಶಾಂತಲಿಂಗಪ್ಪ ಸಕ್ಕರೆ ಕಾರ್ಖಾನೆಯ ಜೀಪಿನಲ್ಲಿ ಬಂದಿಳಿಯುತ್ತಾರೆ. ಅಲ್ಲಿ ಪಂಪು ನಿಂತಿದೆ, ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿವೆ.

“ಆಪಾ, ಇದೊಂದು ಸಲ ಭಟ್ಟಿ ಬ್ಯಾಡ. ಕೈಗೆ ತಣ್ಣಗ ಹತ್ತಿದ ಕೂಡಲೇ ಕೊಯ್ಸಿ ಕೊಡು.”

“ನಾಳಿ ಬರ್ರಿ, ಸಾಹುಕಾರ್ರ.”

“ಜೀಪು ನಿಂತದಬೇ! ಹೇಳಿದಷ್ಟು ಮಾಡು.”

ಕರೀಮುನ್ನಿಸಾ ರಾಟೆಯ ಸರಪಳಿ ಜಗ್ಗಿ, ಪಂಖವನ್ನು ತಟ್ಟೆ ಸಮೇತ ಎತ್ತಿ ಭಟ್ಟಿಯೊಳಗೆ ಇಳಿಸುತ್ತಾರೆ. ಬಾಗಿಲು ಎಳೆದು ಅಗಳಿ ಹಾಕುತ್ತಾರೆ. ಸ್ವಿಚ್ಚು ಒತ್ತಿ, ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ.

“ಬೇಕಾದ್ರ ನನ್ನ ಕೆಲಸದಿಂದ ತಗೀರಿ. ಇದನ್ನ ಇವತ್ತು ಕೊಯ್ಯಾಕ ಕೊಡಂಗಿಲ್ಲ.”