ಫ್ಲೆಕ್ಸಿನಲ್ಲಿ ನಗುವ ಗಂಡ

ಚಿಕ್ಕಯ್ಯನಛತ್ರದ ಸಿಂಧು ಬಸ್ಸು ಹತ್ತಿದರೆ ಕಿಟಕಿ ಪಕ್ಕದ ಸೀಟಿಗೆ ಜಗಳಕ್ಕೇ ನಿಲ್ಲುತ್ತಾಳೆ. ದಾರಿಯ ಒಂದು ಫ್ಲೆಕ್ಸೂ ಅವಳ ಕಣ್ತಪ್ಪಬಾರದು. ಬಿಟ್ಟುಹೋದ ಗಂಡ ಶಿವಸ್ವಾಮಿ, ಮಗಳಿಗೆ ಜೀವನಾಂಶ ಕೊಡು ಎಂದರೆ 'ದುಡಿಮೆಯೇ ಇಲ್ಲ' ಎಂದು ನಂಜನಗೂಡಿನ ಕೋರ್ಟಿನಲ್ಲಿ ಕೈ ಮುಗಿಯುತ್ತಾನೆ. ಬನ್ನೂರಿನ ಸರ್ಕಲ್ಲಿನಲ್ಲಿ ಮಾತ್ರ ಕೂಲಿಂಗ್ ಗ್ಲಾಸು ಹಾಕಿಕೊಂಡು, ಲೀಡರುಗಳ ಹುಟ್ಟುಹಬ್ಬಕ್ಕೆ ಶುಭ ಕೋರುತ್ತ ಆಳೆತ್ತರ ನಿಂತಿರುತ್ತಾನೆ. ಇವಳು ಫೋಟೊ ಹೊಡೆಯುತ್ತಾಳೆ, ಫ್ಲೆಕ್ಸ್ ಅಂಗಡಿಯಲ್ಲಿ ರೇಟು ವಿಚಾರಿಸುತ್ತಾಳೆ, ಅವನ ಕತ್ತಿನ ಚೈನು ಯಾವಾಗ ದಪ್ಪವಾಯಿತೆಂದು ತನ್ನ ವಕೀಲರಿಗೇ ಪಾಠ ಹೇಳುತ್ತಾಳೆ. ಅವರು "ಕೊಟ್ಟಷ್ಟು ಇಸ್ಕೊಂಡು ರಾಜಿಯಾಗಮ್ಮ" ಎಂದರೆ, "ಭಿಕ್ಸೆ ಕೇಳ್ತಿಲ್ಲ ಸಾ, ಮಗೀನ ಅನ್ನ ಕೇಳ್ತಿವ್ನಿ" ಎಂದು ಎದ್ದೇಬಿಡುತ್ತಾಳೆ. ಮೊನ್ನೆ ಗಾಳಿಗೆ ಬಿದ್ದ ಫ್ಲೆಕ್ಸೊಂದನ್ನೇ ಸುತ್ತಿಕೊಂಡು ಬಂದು ಅಂಗಳದಲ್ಲಿ ಹಾಸಿದಳು. ಮಗಳು ಕುಣಿಯುತ್ತ ಅದರ ಮೇಲೆ ಕಾಲಿಟ್ಟದ್ದೇ ತಡ, ರಟ್ಟೆ ಹಿಡಿದು ಈಚೆಗೆಳೆದಳು: "ತುಳೀಬ್ಯಾಡ ಕಣವ್ವ, ಅದು ನಿಮ್ಮಪ್ಪನ ಮೊಕ. ಜಗಳ ನಂದು, ನಿಂದಲ್ಲ."