ಕಂಪ್ಯೂಟರಿಗೆ ಭಂಡಾರ ಹಚ್ಚಿದ ಕಾಕಾ

ಮೊನ್ನೆ ಶಹಾಪುರದಿಂದ ಬರುವಾಗ ಬಸ್ಸಿನಲ್ಲಿ ಮುಂದಿನ ಸೀಟಿನ ಹಿರಿಯರೊಬ್ಬರು ತಮ್ಮ ಟವೆಲ್ಲು ಹಿಂದಕ್ಕೆ ಇಳಿಬಿಟ್ಟು ಕೂತಿದ್ದರು. ಬಸ್ಸು ಕುಣಿದಾಗೊಮ್ಮೆ ಅದರ ತುದಿ ನನ್ನ ಮುಖಕ್ಕೆ ಬಡಿಯುತ್ತಿತ್ತು. ಕುರಿಯ ಉಣ್ಣೆ, ತಂಬಾಕು, ಬಿಸಿಲು, ಒಂದಿಷ್ಟು ಅರಿಶಿನ... ಎಲ್ಲ ಕೂಡಿದ ವಾಸನೆ. ಬೇರೆಯವರಾಗಿದ್ದರೆ ಸೆರಗು ಮೂಗಿಗೆ ಹಿಡಿಯುತ್ತಿದ್ದರೇನೋ. ನಾನು ಇನ್ನಷ್ಟು ಮುಂದಕ್ಕೆ ಬಾಗಿ ಕೂತೆ. ಅದು ನಮ್ಮ ಬಾಜೂ ಮನಿ ಕಾಕಾನ ವಾಸನೆ.

ಕಾಕಾ ಅಂದರೆ ಬಳಗದವರಲ್ಲ. ರಂಗಂಪೇಟೆಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ ಇತ್ತು, ಅಷ್ಟೇ ಸಂಬಂಧ. ಕುರಿ, ಆಡಿನ ದಲ್ಲಾಳಿ. ಸಂತೆಯಲ್ಲಿ ಅವರ ವ್ಯಾಪಾರ ಬಾಯಿಂದ ನಡೆಯುತ್ತಿರಲಿಲ್ಲ. ಟವೆಲ್ಲಿನ ಕೆಳಗೆ ಎದುರಿನವನ ಕೈ ಹಿಡಿದು, ಬೆರಳು ಒತ್ತಿ ರೇಟು ಹೇಳುವುದು. ಸುತ್ತ ನಿಂತ ನೂರು ಮಂದಿಗೂ ಗೊತ್ತಾಗಬಾರದು. ಮಾತು ಕುದುರಿತೋ, ಸೊಂಟದ ಚೀಲದಿಂದ ಒಂದು ಚಿಟಿಕೆ ಭಂಡಾರ, ಅಂದರೆ ದೇವರ ಅರಿಶಿನದ ಪುಡಿ, ತೆಗೆದು ಮರಿಯ ಬೆನ್ನಿಗೆ ಹಚ್ಚಿಬಿಡುತ್ತಿದ್ದರು. ಭಂಡಾರ ಬಿತ್ತೆಂದರೆ ಮೈಲಾರಲಿಂಗನ ಸಾಕ್ಷಿ ಬಿತ್ತು. ಆಮೇಲೆ ಮಾತು ತಿರುಗಿಸುವ ಹಾಗಿಲ್ಲ.

ಆಗ ನಮ್ಮ ಮಾವನವರಿಗೆ ಲಕ್ವಾ ಹೊಡೆದು ಒಂದು ಮಗ್ಗುಲು ಬಿದ್ದುಹೋಗಿತ್ತು. ಹೊರಳಿಸುವುದು, ಉಣಿಸುವುದು, ಎಲ್ಲ ನನ್ನದೇ. ಮದುವೆಗೆ ಮೊದಲು ನಾನು ಯಾದಗಿರಿಯಲ್ಲಿ ಕನ್ನಡ ಟೈಪಿಂಗ್ ಕಲಿತಿದ್ದೆ. ಸುರಪುರದ ಪ್ರಿಂಟಿಂಗ್ ಪ್ರೆಸ್ಸಿನವರು ಕೆಲಸ ಕೊಡಲು ತಯಾರಿದ್ದರು, ಆದರೆ ಮಾವನವರನ್ನು ಬಿಟ್ಟು ದಿನವಿಡೀ ಅಲ್ಲಿ ಹೋಗಿ ಕೂಡ್ರುವುದು ಹೇಗೆ? "ಮನ್ಯಾಗ ಕಂಪ್ಯೂಟರ್ ಇದ್ರ ಲಗ್ನಪತ್ರಿಕಿ ಮನ್ಯಾಗೇ ಟೈಪ್ ಮಾಡಿ ಕೊಡ್ರಿ" ಅಂದರು. ಅದೊಂದೇ ದಾರಿ. ಅಬ್ಬೆತುಮಕೂರಿನ ಗದ್ದುಗೆಗೆ ಕೈಮುಗಿದು, ನಮ್ಮ ಯಜಮಾನರ ಮುಂದೆ ಮಾತು ತೆಗೆದೆ. ಹೊಸದು ನಮ್ಮ ಕೈಗೆ ಎಟುಕುವ ಮಾತಾಗಿರಲಿಲ್ಲ. ಶಹಾಪುರದಲ್ಲಿ ಒಬ್ಬರು ಟೈಪಿಂಗ್ ಅಂಗಡಿ ಮುಚ್ಚುತ್ತಿದ್ದಾರೆ, ಹಳೆಯದನ್ನು ಕೊಡುತ್ತಾರೆ ಅಂತ ಸುದ್ದಿ ಬಂದಿತ್ತು.

"ನೋಡು, ನನಗ ಅದರದೇನೂ ತಿಳಿಯಂಗಿಲ್ಲ. ನೀನೇ ನೋಡಿ ತಗೋ" ಅಂದರು ಯಜಮಾನರು. "ಆದ್ರ ತಂದ ಮ್ಯಾಲ ಕೆಟ್ಟು ಕೂತಿತಂದ್ರ ಮತ್ತೊಮ್ಮಿ ಈ ಮಾತು ಎತ್ತಬ್ಯಾಡ."

ಅವರಿಗೆ ಆಫೀಸಿನಲ್ಲಿ ರಜೆ ಸಿಗಲಿಲ್ಲ. ಗೋಡೆಯಾಚೆಯಿಂದ ಎಲ್ಲ ಕೇಳಿಸಿಕೊಂಡಿದ್ದ ಕಾಕಾ ಅಲ್ಲಿಂದಲೇ ಕೂಗಿದರು. "ಯವ್ವಾ, ನಾ ಬರ್ತೀನಿ ನಡಿ. ಮಾಲು ಅಂದ್ರ ಮಾಲು. ನಾಕು ಕಾಲಿಂದಾದ್ರೇನು, ಎರಡು ಕಾಲಿಂದಾದ್ರೇನು."

"ಇದಕ್ಕ ಕಾಲೇ ಇಲ್ರೀ ಕಾಕಾ."

"ಹಂಗಾರ ಬಾಳ ಚಲೋ. ಕಟ್ಟೂದು ಬ್ಯಾಡ, ಓಡಿ ಹೋಗೂದಿಲ್ಲ."

ಮಾವನವರ ಹತ್ತಿರ ಕಾಕಾನ ಹೆಂಡತಿಯನ್ನು ಕೂಡ್ರಿಸಿ ಇಬ್ಬರೂ ಬಸ್ಸು ಹತ್ತಿದೆವು. ಟೈಪ್ ಮಾಡಲು ಬರುತ್ತಿತ್ತು ನಿಜ. ಆದರೆ ಒಳಗಿನದು ಕೆಟ್ಟಿದೆಯೋ ಇಲ್ಲವೋ ಅಂತ ಹೇಳುವಷ್ಟು ಯಾರು ಕಲಿಸಿದ್ದರು ನನಗೆ?

ಅಂಗಡಿ ಬಸ್‌ಸ್ಟ್ಯಾಂಡಿನ ಹತ್ತಿರವೇ ಇತ್ತು. ಮಾಲಕರು ಗುಂಡಗಿನ, ನಗುಮುಖದ ಮನುಷ್ಯ. ಕಾಕಾ ಕೂಡ್ರುವ ಮೊದಲೇ ಶುರು ಮಾಡಿದರು.

"ಯಾಕ ಮಾರಾಕತ್ತಿಯಪ್ಪಾ?"

"ಲಗ್ನ ಕೂಡ್ಯಾದ್ರಿ ಕಾಕಾ. ನಮ್ಮ ಮಾವ ಆಗಾವ್ರದು ಗೊಬ್ಬರದ ಅಂಗಡಿ ಅದ. ಅಲ್ಲೇ ಬಂದು ಕೂಡು ಅಂತಾರ."

"ಚಲೋ ಆತು. ಹಲ್ಲೆಷ್ಟು ಇದಕ್ಕ?"

ಆ ಮನುಷ್ಯ ಕಂಗಾಲಾಗಿ ನನ್ನ ಮುಖ ನೋಡಿದರು. ಆಡಿನ ವಯಸ್ಸನ್ನು ಹಲ್ಲು ಎಣಿಸಿ ಹೇಳುವುದು ಅವರಿಗೆ ಗೊತ್ತಿರಲಿಲ್ಲ. "ಎಷ್ಟು ವರ್ಷದ್ದು ಅಂತ ಕೇಳಾಕತ್ಯಾರ್ರಿ" ಅಂದೆ. ಅವರು ಉತ್ತರ ಕೊಡುವಷ್ಟರಲ್ಲಿ ಕಾಕಾ ಕೀಬೋರ್ಡಿನ ಮೇಲೆ ಬಾಗಿ, "ಇಕಾ, ಇಲ್ಲೊಂದು ಹಲ್ಲು ಬಿದ್ದದ ನೋಡು!" ಅಂತ ಕೂಗಿದರು.

ಹೌದು, ಒಂದು ಕೀ ಕಿತ್ತು ಹೋಗಿತ್ತು. ಅದೂ ಎಂಥದ್ದು! ಕನ್ನಡದಲ್ಲಿ ಒತ್ತಕ್ಷರ ಕೊಡುವ ಕೀ. ಮೆಷೀನು ಚಾಲೂ ಮಾಡಿಸಿ, ಮನಸ್ಸಿನಲ್ಲಿ ದೇವರನ್ನು ನೆನೆದು, ಲಗ್ನಪತ್ರಿಕೆಯ ಮೇಲೆ ಮೊದಲು ಬರೆಯುವ ಸಾಲನ್ನೇ ಟೈಪ್ ಮಾಡಿದೆ. 'ಶ್ರೀ ಬಸವೇಶ್ವರ ಪ್ರಸನ್ನ' ಅಂತ ಒತ್ತಿದರೆ ಪರದೆಯ ಮೇಲೆ ಮೂಡಿದ್ದು 'ಶರೀ ಬಸವೇಶವರ ಪರಸನನ'.

ಓದಿ ಹೇಳಿದಾಗ ಕಾಕಾ ಬಿದ್ದು ಬಿದ್ದು ನಕ್ಕರು. "ಯವ್ವಾ, ಇದು ತೊದಲ್ತದ! ಎರಡು ವರ್ಷದ ಕೂಸು ಮಾತಾಡಿದಂಗ ಮಾತಾಡ್ತದ!"

ನನಗೆ ನಗು ಬರಲಿಲ್ಲ. ಕೆಟ್ಟದ್ದು ಕೀಬೋರ್ಡೋ ಇಲ್ಲಾ ಮೆಷೀನೋ? ಕೀಬೋರ್ಡಾದರೆ ಸಣ್ಣ ಮಾತು, ಮೆಷೀನಾದರೆ ನನ್ನ ಕನಸು ಮುಗಿಯಿತು. ಪಕ್ಕದ ಟೇಬಲ್ಲಿನ ಕೀಬೋರ್ಡು ತಂದು ಜೋಡಿಸಲು ಹೇಳಿದೆ. ಅದೇ ಸಾಲು ಮತ್ತೆ ಒತ್ತಿದೆ. ಒತ್ತುಗಳೆಲ್ಲ ತಂತಮ್ಮ ಜಾಗಕ್ಕೆ ಬಂದು ಕೂತವು... ಶ್ರೀ ಬಸವೇಶ್ವರ ಪ್ರಸನ್ನ. ಅಷ್ಟರಲ್ಲಿ ಕರೆಂಟು ಹೋಯಿತು. ಚಹಾ ಕುಡಿದು ಮುಗಿಸುವಷ್ಟರಲ್ಲಿ ಮತ್ತೆ ಬಂತು. ಮೆಷೀನು ತಕರಾರಿಲ್ಲದೆ ಎದ್ದಿತು. ಒಳಗಿನ ಫ್ಯಾನು ಒಂದೇ ಸಮನೆ ತಿರುಗುತ್ತಿತ್ತು, ಬಿಸಿಯಾಗಿರಲಿಲ್ಲ. ಮಧ್ಯಾಹ್ನದವರೆಗೂ ಅದರ ಮುಂದೆಯೇ ಕೂತು ಟೈಪ್ ಮಾಡುತ್ತ ಹೋದೆ. ಎಲ್ಲಿಯೂ ನಿಲ್ಲಲಿಲ್ಲ. ಇದನ್ನು ಒಯ್ಯಬಹುದು ಅಂತ ನನ್ನ ಮನಸ್ಸಿಗೆ ಗಟ್ಟಿಯಾಯಿತು.

ಆ ಖುಷಿಯಲ್ಲಿ ಬಾಯಿ ಬಿಟ್ಟೆ ನೋಡಿ. "ಕಾಕಾ, ಕೀಬೋರ್ಡು ಹೋದ್ರ ಹೋಗಲ್ರಿ, ಬ್ಯಾರೇದು ಹಚ್ಚಿದ್ರಾತು. ಮೆಷೀನು ಬಂಗಾರದಂಗದ!"

ಕಾಕಾ ಹಣೆ ಹಣೆ ಬಡಿದುಕೊಂಡರು. "ಏ ಹುಚ್ಚಿ, ತಗೊಳ್ಳಾವ್ರು ಮಾಲು ಹೊಗಳ್ತಾರೇನ? ಬಿದ್ದ ಹಲ್ಲಿನ ಮ್ಯಾಲ ನಾ ರೇಟು ಇಳಿಸಾಂವ ಇದ್ದೆ!" ಅಂದವರೇ, ಇನ್ನು ನನ್ನ ಬಾಯಿ ನಂಬಿ ಉಪಯೋಗವಿಲ್ಲ ಅಂತ ಟವೆಲ್ಲು ಹೆಗಲಿಂದ ಇಳಿಸಿ ಅಂಗಡಿಯವರ ಕೈಮೇಲೆ ಹಾಕಿದರು. ಕೆಳಗೆ ಕೈ ಹಿಡಿದು ಬೆರಳು ಒತ್ತತೊಡಗಿದರು.

ಆ ಮನುಷ್ಯನಿಗೆ ಕಚಗುಳಿ ಜಾಸ್ತಿ ಅಂತ ಕಾಣುತ್ತದೆ. ಕುರ್ಚಿಯಲ್ಲೇ ಹೊಯ್ದಾಡಿ ಕಿಸಿಕಿಸಿ ನಗತೊಡಗಿದರು. ಕಾಕಾ ಮಾತ್ರ ದೇವರ ಮುಂದೆ ಕೂತವರ ಹಾಗೆ ಗಂಭೀರ. "ಇಷ್ಟು?" ಅಂದರು. "ಹೌದ್ರಿ ಕಾಕಾ, ಬರೋಬ್ಬರಿ ಅಷ್ಟೇ" ಅಂದರು ಅಂಗಡಿಯವರು, ಕಣ್ಣೀರು ಒರೆಸಿಕೊಳ್ಳುತ್ತ. "ಖರೇ?" "ಖರೇ ಅಂದ್ರ ಖರೇ."

ಕಾಕಾ ಟವೆಲ್ಲು ಕೊಡವಿ ಎದ್ದರು. ಸೊಂಟದ ಚೀಲಕ್ಕೆ ಕೈ ಹಾಕಿದರು. ನಾನು ತಡೆಯುವುದರೊಳಗೆ ಮಾನಿಟರಿನ ನೆತ್ತಿಗೆ ಭಂಡಾರ ಹಚ್ಚಿಬಿಟ್ಟರು. "ಏಳುಕೋಟಿಗೆ ಏಳುಕೋಟಿ!" ಅಂತ ಮೈಲಾರಲಿಂಗನ ಜೈಕಾರ ಹಾಕಿದರು. "ಯಾಪಾರ ಆತು. ಯವ್ವಾ, ರೊಕ್ಕಾ ಬಿಚ್ಚು. ಮೂರು ಬೆರಳು, ಮೂರು ಸಾವಿರ."

ಅಂಗಡಿಯವರ ನಗು ಅಲ್ಲಿಗೇ ನಿಂತಿತು. "ಕಾಕಾರ, ಮೂರಕ್ಕ ಯಾರು ಕೊಡ್ತಾರ? ನೀವು ವಯಸ್ಸು ಕೇಳಿದ್ರಲ್ಲ, ಮೂರು ವರ್ಷದ್ದು ಅಂತ ಹ್ಞೂಂ ಅಂದೆ!"

ಕಾಕಾನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಭಂಡಾರ ಬಿದ್ದ ಮೇಲೆ ಅವರು ಬಿಡುವವರಲ್ಲ, ಜಗಳ ಆಗುತ್ತದೆ, ಖಾಲಿ ಕೈಯಲ್ಲಿ ವಾಪಸು ಹೋಗುತ್ತೇನೆ ಅಂದುಕೊಂಡೆ. ಆದರೂ ಮನಸ್ಸು ತಡೆಯಲಿಲ್ಲ. "ಕಾಕಾ, ಅವ್ರಿಗೆ ಬೆರಳಿನ ಮಾತು ತಿಳಿದಿಲ್ರಿ. ತಿಳೀಲಾರದವ್ರನ್ನ ಹಿಡದ್ರ ದೇವರು ಮೆಚ್ಚೂದಿಲ್ಲ" ಅಂದೆ.

ಕಾಕಾ ಒಮ್ಮೆ ಮಾನಿಟರಿನ ಹಳದಿ ನೆತ್ತಿ ನೋಡಿದರು, ಒಮ್ಮೆ ಆ ಮನುಷ್ಯನ ಗಾಬರಿ ಮುಖ ನೋಡಿದರು. ಆಮೇಲೆ ಹೊಟ್ಟೆಯಿಂದ ನಗು ಎದ್ದಿತು. ಕೆಮ್ಮು ಬರುವ ತನಕ ನಕ್ಕರು. "ತಪ್ಪು ನಂದು. ಭಾಷಾ ಬರಲಾರದವನ ಕೂಡ ಮಾತಾಡೀನಿ. ಆದ್ರ ಭಂಡಾರ ಬಿದ್ದದ, ಅದನ್ನ ಒರಸಾಕ ಬರೂದಿಲ್ಲ. ಈಕಿ ಮೂರೇ ಕೊಡ್ತಾಳ. ಉಳಿದದ್ದಕ್ಕ ನಾ ನಿನಗ ಒಂದು ಆಡಿನ ಹೆಣ್ಣುಮರಿ ಕೊಡ್ತೀನಿ."

"ನಾ ಆಡು ತಗೊಂಡು ಏನ್ ಮಾಡ್ಲಿ ಕಾಕಾ?"

"ನೀ ಏನೂ ಮಾಡಬ್ಯಾಡ. ಎಲ್ಲಾ ಅದೇ ಮಾಡ್ತದ."

ಹೀಗೆ ನಮ್ಮ ಮನೆಗೆ ಕಂಪ್ಯೂಟರ್ ಬಂತು. ಮಾನಿಟರನ್ನು ಟವೆಲ್ಲಿನಲ್ಲಿ ಸುತ್ತಿ ಕಾಕಾ ತೊಡೆಯ ಮೇಲೆ ಇಟ್ಟುಕೊಂಡು ಬಂದರು. ದಾರಿಯಲ್ಲಿ ಮರಿಯ ದುಡ್ಡು ಆಮೇಲೆ ತೀರಿಸುತ್ತೇನೆ ಅಂದರೆ, "ಅದು ನನ್ನ ಬೆರಳಿಗೆ ಬಿದ್ದ ದಂಡ. ನಡುವ ಬಾಯಿ ಹಾಕಬ್ಯಾಡ" ಅಂತ ಗದರಿಸಿದರು.

ಮುಂದೆ ಎರಡು ವರ್ಷ ಅದೇ ಚೇಷ್ಟೆ. ಶಹಾಪುರಕ್ಕೆ ಹೋಗಿ ಬಂದಾಗೆಲ್ಲ ಗೋಡೆಯ ಮೇಲಿಂದ ಇಣುಕಿ, "ಯವ್ವಾ, ಅವನ ಆಡು ಈದದ, ಎರಡು ಮರಿ. ನಿಂದೇನು ಈಯ್ತು?" ಅನ್ನುತ್ತಿದ್ದರು. ನಾನು ಅವತ್ತು ಪ್ರೆಸ್ಸಿನಿಂದ ಬಂದ ಲಗ್ನಪತ್ರಿಕೆ ಎತ್ತಿ ತೋರಿಸುತ್ತಿದ್ದೆ. "ಇಕಾ ನೋಡ್ರಿ, ಒಂದೇ ಹೊಟ್ಯಾಗ ಐನೂರು!" ಕಾಕಾ ಸೋತೆ ಅನ್ನುವ ಹಾಗೆ ಟವೆಲ್ಲು ತಲೆಯ ಮೇಲೆ ಹಾಕಿಕೊಂಡು ಹೋಗುತ್ತಿದ್ದರು.

ಆ ಹಳೆಯ ಮೆಷೀನು ತಗೊಂಡದ್ದು ಸರಿಯಾಯಿತೇ ಅಂತ ಈಗ ಯಾರಾದರೂ ಕೇಳಿದರೆ ನನ್ನ ಉತ್ತರ ಇಷ್ಟೇ. ಮಾವನವರ ಕೊನೆಯ ಗುಟುಕು ನೀರು ನನ್ನ ಕೈಯಿಂದ ಹೋಯಿತು. ಅವತ್ತು ನಾನು ಯಾರದೋ ಅಂಗಡಿಯಲ್ಲಿರಲಿಲ್ಲ. ಅವರ ಮಂಚದಿಂದ ಎರಡು ಮಾರು ದೂರದಲ್ಲಿ ಟೈಪ್ ಮಾಡುತ್ತ ಕೂತಿದ್ದೆ, ಕರೆದೊಡನೆ ಎದ್ದೆ. ದೇವರು ಕೊಟ್ಟ ಸಣ್ಣ ಸಣ್ಣ ಕರುಣೆಗಳಲ್ಲಿ ಇದನ್ನೇ ನಾನು ಮೊದಲು ನೆನೆಯುವುದು.

ಸಂತೆಗೆ ಹೋಗುವುದು ನಿಂತ ಮೇಲೆ ಕಾಕಾ ಸಂಜೆ ನಮ್ಮಲ್ಲಿ ಬಂದು ಕೂಡ್ರುತ್ತಿದ್ದರು. ಒಂದು ದಿನ ಮೆಲ್ಲಗೆ, "ಯವ್ವಾ, ಊರ ಮಂದೀದೆಲ್ಲಾ ಹೆಸರು ಬರೀತಿ. ನಂದೊಂದು ಬರಿ, ನೋಡೋಣ" ಅಂದರು. ಬರೆದೆ. ಓದಲು ಬಾರದಿದ್ದರೂ ಪರದೆಗೆ ಮುಖ ಹಚ್ಚಿ ಬಹಳ ಹೊತ್ತು ನೋಡಿದರು.

"ಇದು ನಾನೇನ? ಬಡಕಲ ಆಗೀನಲ್ಲ! ಸ್ವಲ್ಪ ಮೇಯಿಸು."

ಅಕ್ಷರ ದೊಡ್ಡದು ಮಾಡಿದೆ, ದಪ್ಪ ಮಾಡಿದೆ. "ಇನ್ನಷ್ಟು ಮೇಯಿಸು" ಅಂದರು. ಮತ್ತೆ ಮಾಡಿದೆ. ಕಡೆಗೆ, "ಸಾಕ್ರೀ ಕಾಕಾ, ಹಾಳಿ ಮುಗೀತು" ಅನ್ನಬೇಕಾಯಿತು. ಹಾಳಿಯ ತುಂಬ ತಾನೇ ಇದ್ದದ್ದು ಕಂಡು ಕೂಸಿನ ಹಾಗೆ ನಕ್ಕರು...

ಕಾಕಾ ಹೋಗಿ ಮೂರು ಬೇಸಿಗೆ ಕಳೆದವು. ಗೋಡೆಯಾಚೆ ಈಗ ಬಾಡಿಗೆಯವರು ಇದ್ದಾರೆ. ಒಳ್ಳೆಯ ಮಂದಿ, ಏನಾದರೂ ಬೇಕಾದರೆ ಫೋನು ಮಾಡುತ್ತಾರೆ. ಗೋಡೆಯ ಮೇಲಿಂದ ಯಾರೂ ಇಣುಕುವುದಿಲ್ಲ. ನನ್ನ ಮೆಷೀನೂ ಬದಲಾಗಿದೆ, ಆದರೆ ಹಳೆಯದರಿಂದ ಹೊಸದಕ್ಕೆ ನಾನು ಮೊದಲು ತಂದು ಇಟ್ಟದ್ದು ಆ ಒಂದು ಹೆಸರಿನ ಪುಟವನ್ನೇ. ಕೆಲಸ ಕಡಿಮೆ ಇದ್ದ ದಿನ ತೆರೆದು ನೋಡುತ್ತೇನೆ. ನೋಡಿದರೆ ನಗು ಬರುತ್ತದೆ, ನಕ್ಕ ಮೇಲೆ ಮನೆ ಸ್ವಲ್ಪ ಹೊತ್ತು ಖಾಲಿ ಅನ್ನಿಸುತ್ತದೆ.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಷ್ಟು ಮೇಯಿಸಿ ದಪ್ಪ ಮಾಡಿದ ಅಕ್ಷರಗಳು ಇಷ್ಟು ಸಣ್ಣ ಸಾಲಿನಲ್ಲಿ ಹಿಡಿಸುವುದಿಲ್ಲ.