ದೇವರ ಬಗ್ಗೆ, ದೇವರ ಜೋಡಿ

ಥಿಯಾಲಜಿ ಎಂಬ ಶಬ್ದವನ್ನು ನಾನು ಬಹಳ ದಿನ ಜಿಯಾಲಜಿಯ ಅಣ್ಣನೆಂದೇ ತಿಳಿದಿದ್ದೆ. ತಾಂಡೂರಿನಲ್ಲಿ ಹುಟ್ಟಿದವನು ನಾನು, ಕಣ್ಣು ಹಾಯಿಸಿದಲ್ಲೆಲ್ಲ ಹಾಸುಗಲ್ಲಿನ ಗಣಿ. ಜಹೀರಾಬಾದಿನಲ್ಲಿ ಮಾಸ್ತರನಾದ ಹೊಸತರಲ್ಲಿ, ಇದೂ ಕಲ್ಲಿನ ಶಾಸ್ತ್ರವೇ ಎಂದು ಮಕ್ಕಳಿಗೆ ಧೈರ್ಯವಾಗಿ ಹೇಳಿಯೂ ಬಿಟ್ಟೆ. ಪಕ್ಕದ ಕೋಣೆಯಲ್ಲಿ ಉರ್ದು ಕಲಿಸುತ್ತಿದ್ದ ಹಿರಿಯರಿಗೆ ಅದು ಕೇಳಿಸಿತು. ಊಟದ ಬಿಡುವಿನಲ್ಲಿ ನಿಘಂಟೊಂದನ್ನು ಮೆಲ್ಲಗೆ ನನ್ನತ್ತ ಸರಿಸಿದರು.

"ನಮ್ಮ ಕಡಿ ಇದಕ್ಕ ಇಲಾಹಿಯಾತ್ ಅಂತಾರ್ರಿ. ಒಮ್ಮಿ ನೋಡ್ರಿ."

ನೋಡಿದೆ. ಗ್ರೀಕರ ಶಬ್ದ. ಥಿಯೋಸ್ ಎಂದರೆ ದೇವರು, ಲೋಗೋಸ್ ಎಂದರೆ ಮಾತು, ವಿಚಾರ. ಮೊದಮೊದಲು ದೇವರ ಕಥೆ ಹಾಡುವ ಕವಿಗಳಿಗೆ ಸೇರಿದ್ದ ಈ ಹೆಸರು ಆಮೇಲೆ ಪಂಡಿತರ ಪಾಲಾಯಿತಂತೆ. ನಮ್ಮವರು ದೇವಶಾಸ್ತ್ರ ಎಂದರು.

ಹೊಸ ಜ್ಞಾನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಆ ಭಾನುವಾರ ಸಿರ್ಗಾಪುರಕ್ಕೆ, ನನ್ನ ಸೋದರತ್ತೆ ಈರವ್ವನ ಮನೆಗೆ ಹೋದೆ. ಆ ವರ್ಷ ರೋಗ ಬಿದ್ದು ಅವಳ ಕುರಿ ಅರ್ಧಕ್ಕರ್ಧ ಸತ್ತಿದ್ದವು. ಅತ್ತೆ ಮನೆದೇವರು ಮಲ್ಲಯ್ಯನ ಪಟವನ್ನು ಗೋಡೆಗೆ ಮುಖಮಾಡಿ ತಿರುಗಿಸಿಟ್ಟು, ಅವನೊಡನೆ ಮಾತು ಬಿಟ್ಟಿದ್ದಳು. ನಾನು ಸಮಾಧಾನ ಹೇಳುವುದು ಬಿಟ್ಟು ಶಬ್ದಾರ್ಥ ಹೇಳತೊಡಗಿದೆ. ಅತ್ತೆ ಉಣ್ಣೆ ಬಿಡಿಸುತ್ತ ಪೂರ್ತಿ ಕೇಳಿದಳು.

"ದೇವರ ಬಗ್ಗೆ ಮಾತು ಎಲ್ಲಾರೂ ಆಡ್ತಾರ. ಆತನ ಜೋಡಿ ಆಡೋ ಮಾತಿಗಿ ಏನಂತಾರ?"

"ಪ್ರಾರ್ಥನಾ ಅಂತಾರತ್ತಿ."

"ಬೈಯಾದಕ?"

ನಾನು ಮನಸ್ಸಿನಲ್ಲೇ ನಿಘಂಟಿನ ಪುಟ ತಿರುವತೊಡಗಿದೆ. ಅತ್ತೆ ಉಣ್ಣೆ ಕೆಳಗಿಟ್ಟು ಎದ್ದಳು. ಪಟವನ್ನು ತನ್ನ ಕಡೆ ತಿರುಗಿಸಿ, ಸೆರಗಿನಿಂದ ಧೂಳು ಒರೆಸಿದಳು.

"ಮಲ್ಲಯ್ಯಾ, ಕರಿ ಕುರಿ ಏನ್ ಮಾಡಿತ್ತೋ ನಿನಗ? ಹೊಟ್ಯಾಗ ಮರಿ ಇತ್ತಲ್ಲೋ!"

ನಾನು ಬಿಟ್ಟಗಣ್ಣಿನಿಂದ ನೋಡುತ್ತ ಕುಳಿತಿದ್ದೆ. ಅತ್ತೆ ತಿರುಗಿದಳು.

"ನೀ ಹೊರಗ ಕುಂಡ್ರು ಹೋಗಪ್ಪ. ಇದು ನಮ್ಮಿಬ್ಬರ ಮಾತು."

ಬಾಗಿಲಿನ ಹೊರಗೆ ಕಟ್ಟೆಯ ಮೇಲೆ ಹೋಗಿ ಕುಳಿತೆ. ಒಳಗೆ ಅವಳ ದನಿ ಏರಿತು, ಒಡೆಯಿತು, ಬರಬರುತ್ತ ತಗ್ಗಿತು. ಬಹಳ ಹೊತ್ತಿನ ಮೇಲೆ ಕೆಂಪು ಕಣ್ಣಿನಿಂದ ಹೊರಬಂದು, "ಚಾ ಕುಡಿತಿಯೇನು?" ಎಂದಳು.

ಅತ್ತೆ ಈಗಿಲ್ಲ. ಆಮೇಲೆ ನಾನು ದೇವರ ಕುರಿತ ದಪ್ಪ ಪುಸ್ತಕಗಳನ್ನೂ ಓದಿದೆ. ಓದಿದ್ದೆಲ್ಲ ಆ ಬಾಗಿಲಿನ ಈಚೆಯದೇ.